ತೊಟ್ಟಿಲ ಕೆಳಗಿನ ನೆಲ

ಮಡಕಶಿರಾ
12 ಆಗಸ್ಟ್ 2024, ಸೋಮವಾರ

ಚಿ.ಸೌ. ಉಷಾರಾಣಿಗೆ ನಿನ್ನ ಅತ್ತೆ ರಂಗಕ್ಕ ಯಾರ ಕೈಯಲ್ಲೂ ಬರೆಸದೆ ತಾನೇ ಬರೆದ ಕಾಗದ.

ಗಾಬರಿಯಾಗಬೇಡ, ಇಲ್ಲಿ ಯಾರೂ ಸತ್ತಿಲ್ಲ. ನಿನ್ನ ಜೊತೆ ಮಾತಾಡುವುದಿಲ್ಲ ಎಂದು ಮೂರು ವರ್ಷದ ಹಿಂದೆ ಮನೆದೇವರ ದೀಪದ ಮುಂದೆ ಆಣೆ ಇಟ್ಟವಳು ನಾನು. ಆ ಆಣೆ ಹಾಗೇ ಇದೆ. ನಮ್ಮ ಯಜಮಾನರನ್ನು ಮಣ್ಣಿಗಿಡುವ ದಿನ ಮನೆಗಿದ್ದ ಒಬ್ಬಳೇ ಸೊಸೆ ತಾಡಿಪತ್ರಿ ಕಡೆಯ ಗುಡ್ಡದಲ್ಲಿ ಬಾಗಿದ ಕಲ್ಲು ನೋಡುತ್ತಾ ನಿಂತಿದ್ದಳು ಎನ್ನುವುದನ್ನು ನಾನು ಮರೆತಿಲ್ಲ. ಆದರೂ ಬರೆಯಬೇಕಾಗಿ ಬಂತು. ಪೂಜಾರಿ ಲಕ್ಷ್ಮೀನರಸಪ್ಪನವರನ್ನು ಕೇಳಿದೆ. "ಆಣೆ ಇಕ್ಕಿರಾದು ಬಾಯಿಗೆ ಕಣಕ್ಕ, ಕೈಗಲ್ಲ. ಬರ್ಕೋ, ಏನೂ ಆಗಲ್ಲ" ಅಂದರು. ನಾನು ಏಳನೇ ಕ್ಲಾಸಿನವರೆಗೆ ಓದಿದ್ದೇನೆ. ಬರೆದರೆ ಪುಸ್ತಕದ ಹಾಗೆ ಬರೆಯಬೇಕು ಎಂದು ನಮ್ಮ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದಾರೆ. ಆದ್ದರಿಂದ ಓದಿ ನಗಬೇಡ.

ವಿಷಯ ಏನೆಂದರೆ, ನಡುಮನೆಯ ನೆಲ ಏಳುತ್ತಿದೆ. ಸಮವಾಗಿದ್ದ ನೆಲ ಈಗ ದೇವರ ಗೂಡಿನ ಬದಿ ಮೇಲಾಗಿದೆ, ಕಣಜದ ಗೋಡೆಯ ಬದಿ ಕೆಳಗಾಗಿದೆ. ನಡುವೆ ಇಳಿಜಾರು. ಖಾಲಿ ಚೊಂಬು ಅಡ್ಡ ಇಟ್ಟರೆ ತಾನಾಗಿ ಉರುಳಿಕೊಂಡು ಕಣಜದ ಕಡೆ ಹೋಗುತ್ತದೆ. ಆದರೆ ಎಲ್ಲೂ ಒಂದು ಬಿರುಕಿಲ್ಲ. ನಮ್ಮದು ಮಣ್ಣಿನ ನೆಲ ಎಂದು ನಿನಗೆ ಗೊತ್ತು. ವರ್ಷ ವರ್ಷ ಹಬ್ಬಕ್ಕೆ ಹೊಸ ಮಣ್ಣು ಬಳಿದು ಸಾರಿಸಿದ್ದು. ನಾನು ಬಳಿದದ್ದು, ನನ್ನತ್ತೆ ಬಳಿದದ್ದು, ಅವರತ್ತೆ ಬಳಿದದ್ದು ಎಲ್ಲ ಒಂದರ ಮೇಲೊಂದು ಕೂತಿದೆ. ಬಾಣಂತಿಗೆ ತಂಪು ಎಂದು ಯಜಮಾನರು ಸಿಮೆಂಟ್ ಹಾಕಿಸಲು ಬಿಡಲೇ ಇಲ್ಲ.

ನಾಗರ ಪಂಚಮಿಗೆ ಬಂದ ಪೂಜಾರಿ ನೆಲದ ಮೇಲೆ ಅಂಗೈ ಇಟ್ಟು ನೋಡಿ, "ರಂಗಕ್ಕ, ಇದು ಹುತ್ತ. ನಾಗಪ್ಪ ಒಳಗಿಂದ ಎದ್ದು ಬತ್ತಾವ್ನೆ. ಹಾರೆ ಗೀರೆ ಮುಟ್ಟಿಸ್ಬ್ಯಾಡ, ದಿನಾ ಹಾಲು ಹೊಯ್ಯಿ" ಅಂದರು. ಹೊಯ್ಯುತ್ತಿದ್ದೇನೆ.

ನಿನ್ನ ನಾದಿನಿ ಮಂಜಿ ಹೆರಿಗೆಗೆ ಬಂದು ಇಲ್ಲೇ ಇದ್ದಾಳೆ. ಹೆಣ್ಣು ಮಗು, ಇನ್ನೂ ತಿಂಗಳು ತುಂಬಿಲ್ಲ. ನಿನ್ನ ಗಂಡ ಹರೀಶ ನಿನಗೆ ಹೇಳಿರಬೇಕು. ಬಾಣಂತಿ ಮಲಗುವುದು ಅದೇ ನಡುಮನೆಯಲ್ಲಿ. ತೊಟ್ಟಿಲು ದೇವರ ಗೂಡಿನ ಬದಿಯ ತೊಲೆಗೆ ಹಾಕಿದೆ. ಹುತ್ತ ಏಳುವ ಜಾಗದಲ್ಲಿ ಹಸುಗೂಸನ್ನು ಮಲಗಿಸಬಹುದೇ? ಹುತ್ತವೇ ಆದರೆ ಮನೆಯನ್ನು ನಾಗಪ್ಪನಿಗೆ ಬಿಟ್ಟು ಹೊರಡಬೇಕು. ಅಲ್ಲವಾದರೆ ಮತ್ತೇನು? ನೀನು ಕಲ್ಲು ಮಣ್ಣು ಓದಿದವಳು, ಕಾಲೇಜಿನಲ್ಲಿ ಅದನ್ನೇ ಪಾಠ ಹೇಳುವವಳು. ನೆಲ ಬಿರುಕು ಬಿಡದೆ ಬಾಗುವುದುಂಟೇ? ಅಷ್ಟು ಹೇಳು ಸಾಕು.

ಹರೀಶನಿಗೆ ಇದನ್ನೆಲ್ಲ ಹೇಳಬೇಡ. ಲಾರಿ ಇಳಿದವನೇ ಮನೆ ಕೆಡವಿ ಎನ್ನುತ್ತಾನೆ.

ರಂಗಕ್ಕ

ಫೋನ್ ಮಾಡಬೇಡ, ಎತ್ತುವುದಿಲ್ಲ.


ರಾಯದುರ್ಗ
17 ಆಗಸ್ಟ್ 2024

ಅತ್ತೆಯವರಿಗೆ ಉಷಾರಾಣಿಯ ನಮಸ್ಕಾರಗಳು.

ನಿಮ್ಮ ಕಾಗದವನ್ನು ಅಂಚೆಯವನಿಂದ ತೆಗೆದುಕೊಂಡವಳು ನಮ್ಮವ್ವ. ಹಿಂಬದಿಯಲ್ಲಿ ಬರೆದ ಹೆಸರು ಓದಿ, "ಮಾತ್ ಬಿಟ್ಟಾಕಿ ಪತ್ರ ಯಾಕ ಬರದಾಳವಾ? ಒಡದು ನೋಡು ಮೊದ್ಲ" ಎಂದು ಲಕೋಟೆಯನ್ನು ಬೆಳಕಿಗೆ ಹಿಡಿದಳು. ಒಡೆದು ಓದಿದೆ. ನೀವು ಬೈದಿದ್ದೀರೋ ಕರೆದಿದ್ದೀರೋ ತಿಳಿಯಲಿಲ್ಲ. ಮತ್ತೆ ಓದಿದೆ, ಆಗಲೂ ತಿಳಿಯಲಿಲ್ಲ. ಆದರೆ ಬರೆದಿರಲ್ಲ, ಅದೇ ಸಂತೋಷ.

ನೆಲ ಬಿರುಕು ಬಿಡದೆ ಬಾಗುವುದುಂಟು. ಆ ಗುಡ್ಡಕ್ಕೆ ಕಾಲೇಜಿನ ಮಕ್ಕಳನ್ನು ಕರೆದುಕೊಂಡು ಹೋಗಿದ್ದು ಅದನ್ನು ತೋರಿಸುವುದಕ್ಕೇ. ಅಡಿಗೆಮನೆಗೆ ಹಾಕಿಸುವ ಕಪ್ಪು ಕಡಪ ಕಲ್ಲು ಇದೆಯಲ್ಲ, ಅದು ಯಾವುದೋ ಕಾಲದಲ್ಲಿ ಸಮುದ್ರದ ತಳದ ಕೆಸರು. ನಿಮ್ಮ ನೆಲದ ಹಾಗೆಯೇ ಪದರದ ಮೇಲೆ ಪದರ ಕೂತು ಕಲ್ಲಾಯಿತು. ಅದರ ಅಡಿಯಲ್ಲಿ ಇನ್ನೂ ಹಳೆಯ, ಇನ್ನೂ ಗಟ್ಟಿಯಾದ ಬಂಡೆ. ಆ ಬಂಡೆ ಆಳದಲ್ಲಿ ಸೀಳಿ, ಒಂದು ಪಾಲು ಮೇಲಕ್ಕೋ ಇನ್ನೊಂದು ಪಾಲು ಕೆಳಕ್ಕೋ ಜರುಗುತ್ತದೆ. ಪುಸ್ತಕದಲ್ಲಿ ಇದಕ್ಕೆ ಸ್ತರಭಂಗ ಎನ್ನುತ್ತಾರೆ. ಮೇಲಿನ ಪದರಗಳು ಮಾತ್ರ ಕೂಡಲೇ ಮುರಿಯುವುದಿಲ್ಲ, ಬಾಗಿಕೊಳ್ಳುತ್ತವೆ. ಮೇಲೆ ನಿಂತವರಿಗೆ ಬಾಗಿದ್ದು ಕಾಣುತ್ತದೆ, ಒಳಗೆ ಮುರಿದದ್ದು ಕಾಣುವುದಿಲ್ಲ.

ಮನೆಯಲ್ಲೇ ಮಾಡಿ ನೋಡಬಹುದು. ಎರಡು ಹಲಗೆ ಪಕ್ಕಪಕ್ಕ ಇಟ್ಟು, ಎರಡರ ಮೇಲೂ ಬರುವಂತೆ ನಾಲ್ಕೈದು ಕಂಬಳಿ ಹಾಸಿ. ಒಂದು ಹಲಗೆಯನ್ನು ಮೆಲ್ಲಗೆ ಎತ್ತಿ. ಅಡಿಯ ಕಂಬಳಿ ಹಲಗೆಯ ಅಂಚಿನಲ್ಲೇ ಗಕ್ಕನೆ ಮಡಿಯುತ್ತದೆ. ಎಲ್ಲಕ್ಕಿಂತ ಮೇಲಿನದು ಅಗಲವಾಗಿ, ನಿಧಾನವಾಗಿ ಇಳಿಯುತ್ತದೆ. ಅಂದರೆ ಬಾಗು ಅಗಲವಾದಷ್ಟೂ ಸೀಳು ಆಳದಲ್ಲಿದೆ ಎಂದು ತಿಳಿಯಬೇಕು. ಜರುಗುವುದು ನಿಲ್ಲದಿದ್ದರೆ ಸೀಳು ಒಂದೊಂದೇ ಪದರವನ್ನು ಕತ್ತರಿಸಿಕೊಂಡು ಮೇಲೆ ಬರುತ್ತದೆ. ಬಿರುಕಿಲ್ಲ ಎಂದು ಧೈರ್ಯವಾಗಿ ಕೂರಬೇಡಿ. ತರಗತಿಯಲ್ಲಿ ಈ ಪಾಠಕ್ಕೆ ಮಾವನವರು ಮದುವೆಯಲ್ಲಿ ಕೊಟ್ಟ ಕಂಬಳಿಯನ್ನೇ ನಾನು ಹಾಸುವುದು.

ಈಗ ನನಗೆ ಎರಡು ವಿಷಯ ಗೊತ್ತಾಗಬೇಕು. ಇಳಿಜಾರು ಎಷ್ಟು ಅಗಲವಿದೆ? ಆ ಕೋಣೆಯ ಕೆಳಗೆ ಹಳೆಯ ಬಾವಿ, ಗುಂಡಿ ಏನಾದರೂ ಇತ್ತೇ? ನಿಮ್ಮ ಕಡೆ ಹಳೇ ಮನೆಗಳಲ್ಲಿ ನೆಲದಡಿ ರಾಗಿ ತುಂಬಿಡುವ ಹಗೇವು ಇರುತ್ತವಂತೆ, ಅಂಥದ್ದು? ನೆನಪು ಮಾಡಿಕೊಂಡು ಬರೆಯಿರಿ.

ಮಗುವಿಗೆ ಏನು ಹೆಸರಿಡುತ್ತೀರಿ?

ನಿಮ್ಮ ಸೊಸೆ
ಉಷಾರಾಣಿ


ಮಡಕಶಿರಾ
22 ಆಗಸ್ಟ್ 2024, ಗುರುವಾರ

ಉಷಾರಾಣಿಗೆ,

ನಿನ್ನ ಕಾಗದ ತಲುಪಿತು. ಓದಿ ತಲೆ ಕೆಟ್ಟು ಗೊಬ್ಬರವಾಯಿತು.

ಮೇಲೆ ಕಾಣುವುದು ಒಂದು, ಒಳಗೆ ಇರುವುದು ಒಂದು ಎಂದು ಬರೆದಿದ್ದೀಯಲ್ಲ, ಅದು ಕಲ್ಲಿಗೆ ಹೇಳಿದ್ದೋ ನನಗೆ ಹೇಳಿದ್ದೋ? ನನಗೇ ಆದರೆ ನೇರವಾಗಿ ಬರೆ. ನಾನು ನೇರವಾಗಿ ಆಣೆ ಇಟ್ಟವಳು. ಮಂಜಿಗೆ ಓದಿ ಹೇಳಿದರೆ, "ಅತ್ಗೆ ಪಾಠ ಹೇಳ್ತಾ ಐತೆ ಕಣಮ್ಮ, ನಿನ್ನ ಬೈತಾ ಇಲ್ಲ" ಎಂದು ನಕ್ಕಳು. ಅವಳಿಗೇನು ಗೊತ್ತು.

ಆ ಕಂಬಳಿ ಎಂಥದ್ದು ಎಂದು ನಿನಗೆ ತಿಳಿದಿದೆಯೇ? ನಮ್ಮ ಕುರಿಗಳ ಮೊದಲ ಉಣ್ಣೆಯನ್ನು ನಾನೇ ನೂತು, ಅವರು ಮಗ್ಗದ ಮುಂದೆ ಕೂತು ನೇಯಿಸಿದ್ದು. ಅದನ್ನು ಹಲಗೆಯ ಮೇಲೆ ಹಾಕಿ ಎಳೆದಾಡಿಸುತ್ತೀಯಾ? ಯಾರ ಯಾರ ಮಕ್ಕಳೋ ಕಾಲಿಟ್ಟು ತುಳಿಯುತ್ತಾರೋ ಏನೋ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಕೇಳಿದ್ದಕ್ಕೆ ಉತ್ತರ. ಇಳಿಜಾರು ನನ್ನ ಕೈಯಲ್ಲಿ ನಾಲ್ಕು ಮೊಳ. ಮನೆಯ ಕೆಳಗೆ ಬಾವಿ ಇಲ್ಲ, ಗುಂಡಿ ಇಲ್ಲ, ಹಗೇವೂ ಇಲ್ಲ. ಹಗೇವಿನ ಮಾತು ನಿನಗೆ ಯಾರು ಹೇಳಿದರು? ಹರೀಶನಿಗೂ ಅದು ಗೊತ್ತಿಲ್ಲ. ಇಲ್ಲದ್ದನ್ನು ಕೇಳಬೇಡ.

ಪೂಜಾರಿ ಹುತ್ತವೇ ಎನ್ನುತ್ತಾರೆ. ನೀನು ಹಲಗೆ ಎನ್ನುತ್ತೀಯ. ನನಗೆ ಬೇಕಾಗಿರುವುದು ಒಂದೇ ಮಾತು. ತೊಟ್ಟಿಲು ಇದ್ದಲ್ಲೇ ಇರಲೋ, ಬೇರೆ ಕಡೆ ಹಾಕಲೋ? ಮನೆಯಲ್ಲಿ ತೊಲೆಯ ಕೊಂಡಿ ಇರುವುದು ಎರಡೇ, ಒಂದು ಮೇಲುಬದಿಯಲ್ಲಿ, ಒಂದು ಕೆಳಬದಿಯಲ್ಲಿ. ಬೇರೆ ಕೋಣೆ ಎಂದರೆ ಅಡಿಗೆಮನೆ, ಅಲ್ಲಿ ಹೊಗೆ. ಬಾಣಂತಿಯನ್ನು ಪರರ ಮನೆಗೆ ಕಳಿಸಲು ನನಗೆ ಮನಸ್ಸಿಲ್ಲ, ಊರು ಆಡಿಕೊಳ್ಳುತ್ತದೆ.

ಹೆಸರು ಇನ್ನೂ ಇಟ್ಟಿಲ್ಲ.

ರಂಗಕ್ಕ


ರಾಯದುರ್ಗ
27 ಆಗಸ್ಟ್ 2024

ಅತ್ತೆಯವರಿಗೆ ನಮಸ್ಕಾರಗಳು.

ಕಂಬಳಿಯನ್ನು ಯಾರೂ ತುಳಿಯುವುದಿಲ್ಲ, ನಾನು ಬಿಡುವುದಿಲ್ಲ. ನಿಮಗೆ ಇದೊಂದು ಗೊತ್ತಿಲ್ಲ ಅನ್ನಿಸುತ್ತದೆ. ಮಾವನವರು ಒಮ್ಮೆ ಉಣ್ಣೆ ವ್ಯಾಪಾರಕ್ಕೆ ರಾಯದುರ್ಗಕ್ಕೆ ಬಂದವರು ನಮ್ಮ ಮನೆಗೂ ಬಂದಿದ್ದರು. ನಾನು ಪಾಠದ ತಯಾರಿಗೆ ಅದೇ ಕಂಬಳಿ ಹಾಸಿಕೊಂಡು ಕೂತಿದ್ದೆ. ಸಿಟ್ಟಾಗುತ್ತಾರೆ ಎಂದುಕೊಂಡು ಮಡಿಸಲು ಹೋದರೆ, "ಇರ್ಲಿ ಬುಡಮ್ಮ, ನಾನೂ ನೋಡ್ತೀನಿ" ಎಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತರು. ಹಲಗೆಯನ್ನು ತಾವೇ ಎತ್ತಿ, ಇಳಿಸಿ, ಮತ್ತೆ ಎತ್ತಿ, "ಭೂಮ್ತಾಯಿನೂ ಕಂಬ್ಳಿ ಹೊದ್ಕಂಡು ಮಗ್ಗುಲು ಬದಲಾಯಿಸ್ತಾಳೆ ಅನ್ನು" ಎಂದು ನಕ್ಕಿದ್ದರು. ಇದನ್ನು ನಿಮಗೆ ಹೇಳುವ ಸಂದರ್ಭ ಬರಲೇ ಇಲ್ಲ. ನೀವು ನನ್ನನ್ನು ಮಾತಾಡಿಸುತ್ತಲೇ ಇರಲಿಲ್ಲ.

ಇರಲಿ, ಮಗುವಿನ ವಿಷಯಕ್ಕೆ ಬರುತ್ತೇನೆ. ನಾಲ್ಕು ಮೊಳದ ಬಾಗು ಎಂದರೆ ಕಾರಣ ಮೇಲುಗಡೆ ಇಲ್ಲ, ಒಂದಾಳು ಆಳದಲ್ಲಿದೆ. ಗೆದ್ದಲು ಮೇಲಿನ ಮಣ್ಣಿನಲ್ಲಿ ಗೂಡು ಕಟ್ಟಿದ್ದರೆ ಗುಡ್ಡೆಯ ಹಾಗೆ ಒಂದೇ ಕಡೆ ಉಬ್ಬುತ್ತಿತ್ತು, ಹೀಗೆ ಅರ್ಧ ಕೋಣೆ ಏಳುತ್ತಿರಲಿಲ್ಲ. ಆದ್ದರಿಂದ ಹುತ್ತವಲ್ಲ. ಆಳದಲ್ಲಿ ಟೊಳ್ಳು ಏನೂ ಇಲ್ಲ ಎಂದು ನೀವೇ ಬರೆದಿದ್ದೀರಿ. ಟೊಳ್ಳಿಲ್ಲದ ಕಡೆ ನೆಲ ಕುಸಿಯಲಾರದು. ಹಾಗಾದರೆ ಒಂದು ಬದಿ ಎದ್ದಿರಬೇಕು. ದೇವರ ಗೂಡಿನ ಗೋಡೆಯ ಆಚೆ ದೊಡ್ಡ ಬೇವಿನ ಮರವಿದೆಯಲ್ಲ? ಅದರ ಬೇರು ಆಳದಲ್ಲಿ ದಪ್ಪವಾಗಿ ಮಣ್ಣಿನ ಗಡ್ಡೆಯನ್ನೇ ಎತ್ತುತ್ತಿದೆ. ಜರುಗುತ್ತಿರುವುದು ಮೇಲುಬದಿ, ಕೆಳಬದಿ ಇದ್ದಲ್ಲೇ ಇದೆ. ಇದರಲ್ಲಿ ನನಗೆ ಅನುಮಾನವಿಲ್ಲ.

ತೊಟ್ಟಿಲನ್ನೂ ಬಾಣಂತಿಯ ಮಂಚವನ್ನೂ ಕಣಜದ ಗೋಡೆಯ ಬದಿಗೆ ಹಾಕಿ. ಹಾಲು ಹೊಯ್ಯುವುದನ್ನು ನಿಲ್ಲಿಸಿ, ಒದ್ದೆಯಾದಷ್ಟೂ ಮಣ್ಣು ಮೆತ್ತಗಾಗುತ್ತದೆ. ಪೂಜಾರಿಯವರಿಗೆ ಬೇಸರವಾಗದಂತೆ ಏನಾದರೂ ಹೇಳಿ, ನಿಮಗೆ ಅದು ಬರುತ್ತದೆ.

ಉಷಾರಾಣಿ


ಮಡಕಶಿರಾ
2 ಸೆಪ್ಟೆಂಬರ್ 2024, ಸೋಮವಾರ

ಉಷಾರಾಣಿಗೆ,

ನೀನು ಹೇಳಿದಂತೆ ಮಾಡಿದ್ದೇವೆ. ತೊಟ್ಟಿಲು ಕಣಜದ ಬದಿಗೆ ಬಂತು, ಮಂಚ ಅದರ ಪಕ್ಕಕ್ಕೆ ಬಂತು. ಆ ಕಡೆ ಹಾಕಲು ನನಗೆ ಮನಸ್ಸಿರಲಿಲ್ಲ. ಯಾಕೆಂದು ಬರೆಯಲಾರೆ. ಓದಿದವಳು ಅನುಮಾನವಿಲ್ಲ ಎಂದು ಬರೆದಿದ್ದಾಳೆ, ಓದದವಳು ಏನು ಹೇಳುವುದು ಎಂದು ಸುಮ್ಮನಾದೆ.

ಯಜಮಾನರು ನಿಮ್ಮ ಮನೆಯಲ್ಲಿ ಕೂತು ಹಲಗೆ ಎತ್ತಿ ಆಡಿದ್ದನ್ನು ನನಗೆ ಹೇಳಿರಲಿಲ್ಲ. ಉಣ್ಣೆ ಮಾರಿ ಸೀದಾ ಬಂದೆ ಎಂದಿದ್ದರು. ನನಗೆ ತಿಳಿದರೆ ಬೇಸರವೆಂದು ಮುಚ್ಚಿಟ್ಟರೋ, ಮರೆತರೋ. ಮಗ್ಗುಲು ಬದಲಾಯಿಸುವ ಮಾತು ಅವರದೇ, ಅದರಲ್ಲಿ ಸುಳ್ಳಿಲ್ಲ. ಅವರ ಬಗ್ಗೆ ನನಗೆ ತಿಳಿಯದ್ದು ನಿನಗೆ ತಿಳಿದಿದೆ ಎಂದು ಒಂದು ಸಲ ಸಂಕಟವಾಯಿತು, ಒಂದು ಸಲ ಸಮಾಧಾನವಾಯಿತು. ಯಾವುದು ನಿಜವೋ ನನಗೇ ಗೊತ್ತಾಗಲಿಲ್ಲ.

ಹಾಲು ನಿಲ್ಲಿಸಲು ಪೂಜಾರಿ ಒಪ್ಪುತ್ತಿಲ್ಲ. ದೇವರ ಗೂಡಿನ ಹತ್ತಿರ ಹೊಯ್ದದ್ದೆಲ್ಲ ಹರಿದು ಈ ಬದಿಗೇ ಬರುತ್ತದೆ, ಬಟ್ಟೆಯಲ್ಲಿ ಒರೆಸುತ್ತೇನೆ. ಮಳೆಯೂ ಹಿಡಿದುಕೊಂಡಿದೆ.

ನನಗೆ ವಯಸ್ಸಾಯಿತು ಉಷಾ. ಮೊನ್ನೆಯಿಂದ ಅದು ಚೆನ್ನಾಗಿ ತಿಳಿಯುತ್ತಿದೆ. ದೇವರ ಗೂಡಿನ ಬದಿಯಲ್ಲಿದ್ದಾಗ ತೊಟ್ಟಿಲನ್ನು ನೆಲದ ಮೇಲೆ ಕೂತೇ ತೂಗುತ್ತಿದ್ದೆ. ಈ ಬದಿಯಲ್ಲಿ ಕೂತರೆ ತೊಟ್ಟಿಲ ಅಂಚು ಬೆರಳಿಗೂ ಸಿಗುವುದಿಲ್ಲ, ಎದ್ದು ನಿಂತು ತೂಗಬೇಕು. ಕಬ್ಬಿಣದ ಸರಪಳಿ ಅದೇ, ತೊಲೆ ಅದೇ. ಇದೇ ಕೊಂಡಿಯಲ್ಲಿ ಹರೀಶನನ್ನೂ ಮಂಜಿಯನ್ನೂ ಇದೇ ಜಾಗದಲ್ಲಿ ಕೂತು, ರಾಗಿ ಬೀಸಿಕೊಂಡೇ ಒಂದು ಕೈಯಲ್ಲಿ ತೂಗಿದವಳು ನಾನು. ಮನುಷ್ಯ ಇಷ್ಟೊಂದು ಕುಗ್ಗುತ್ತಾನೆಯೇ?

ಮಗು ನಗುವುದನ್ನು ಕಲಿತಿದೆ. ಯಾರನ್ನೂ ನೋಡಿ ಅಲ್ಲ, ತೊಲೆ ನೋಡಿ ನಗುತ್ತದೆ.

ರಂಗಕ್ಕ


ಕಲ್ಯಾಣದುರ್ಗ ಬಸ್ ನಿಲ್ದಾಣ
6 ಸೆಪ್ಟೆಂಬರ್ 2024, ಶುಕ್ರವಾರ

ಅತ್ತೆ,

ಇದನ್ನು ಅಂಚೆಗೆ ಹಾಕುವುದಿಲ್ಲ, ನಾನೇ ತಂದು ನಿಮ್ಮ ಕೈಗೆ ಕೊಡುತ್ತೇನೆ. ಎದುರಿಗೆ ನಿಂತರೂ ನೀವು ಮಾತಾಡುವುದಿಲ್ಲ, ನಾನು ಬಾಯಿ ಬಿಟ್ಟರೆ ಎದ್ದು ಒಳಗೆ ಹೋಗುತ್ತೀರಿ. ಹೋದ ಸಲ ಹಾಗೇ ಮಾಡಿದಿರಿ. ಅದಕ್ಕೇ ಇದು.

ನಿಮ್ಮ ಕಾಗದ ಬೆಳಿಗ್ಗೆ ಬಂತು. ನೀವು ಕುಗ್ಗಿಲ್ಲ. ನೆಲ ಕುಗ್ಗಿದೆ. ಸರಪಳಿ ಅದೇ, ತೊಲೆ ಅದೇ ಎಂದರೆ ಮೇಲಿನದು ಯಾವುದೂ ಜರುಗಿಲ್ಲ. ದೇವರ ಗೂಡಿನ ಬದಿಯಲ್ಲಿ ಮೊದಲಿನ ಹಾಗೆಯೇ ಕೂತು ತೂಗಿದ್ದೀರಿ, ಅಂದರೆ ಆ ನೆಲ ಇದ್ದಲ್ಲೇ ಇದೆ. ಕಣಜದ ಬದಿಯಲ್ಲಿ ಕೈ ಎಟುಕದಂತಾಗಿದೆ, ಅಂದರೆ ಇಳಿಯುತ್ತಿರುವುದು ಅದು. ಬೇವಿನ ಬೇರೂ ಇಲ್ಲ, ಮಣ್ಣೂ ಇಲ್ಲ. ಬಾಗಿದ ಪದರವನ್ನಷ್ಟೇ ನೋಡಿದರೆ ಒಂದು ಬದಿ ಎದ್ದದ್ದೋ ಇನ್ನೊಂದು ಬದಿ ಇಳಿದದ್ದೋ ಹೇಳಲಾಗುವುದಿಲ್ಲ, ಅಲುಗದೆ ನಿಂತ ಒಂದು ಗುರುತು ಬೇಕು. ಇದನ್ನು ನಾನು ಪ್ರತಿ ವರ್ಷ ಪಾಠದಲ್ಲಿ ಹೇಳುತ್ತೇನೆ. ನಿಮಗೆ ಬರೆಯುವಾಗ ಮರೆತೆ. ಅನುಮಾನವಿಲ್ಲ ಎಂದು ಬೇರೆ ಬರೆದೆ. ಮಗುವನ್ನು ಇಳಿಯುವ ನೆಲದ ಮೇಲೆ ಮಲಗಿಸಿದವಳು ನಾನು.

ಬೆಳಿಗ್ಗೆಯಿಂದ ಫೋನ್ ಮಾಡುತ್ತಿದ್ದೇನೆ. ರಿಂಗ್ ಆಗುತ್ತದೆ, ನೀವು ಎತ್ತುವುದಿಲ್ಲ. ನನ್ನ ಹೆಸರು ನೋಡಿ ಸುಮ್ಮನೆ ಕೂತಿದ್ದೀರಿ ಎಂದು ನನಗೆ ಗೊತ್ತು. ಬಾಣಂತಿ ಫೋನ್ ಮುಟ್ಟಬಾರದು ಎಂದು ಮಂಜಮ್ಮನದನ್ನು ಕಿತ್ತಿಟ್ಟಿದ್ದೀರಿ. ಹರೀಶ್ ಒಡಿಶಾದ ಯಾವುದೋ ಕಾಡಿನಲ್ಲಿ ಸಿಗ್ನಲ್ ಇಲ್ಲದ ಕಡೆ ಇದ್ದಾರೆ. ನನಗೆ ನಿಮ್ಮ ಮೇಲೆ ಎಷ್ಟು ಸಿಟ್ಟು ಬಂದಿದೆ ಎಂದರೆ ಪೆನ್ನು ನಿಲ್ಲುತ್ತಿಲ್ಲ. ಅದೆಂಥ ಆಣೆ ಅತ್ತೆ?

ಅವ್ವ ಬುತ್ತಿ ಕಟ್ಟಿಕೊಟ್ಟು, "ಹೋಗ್ ಬಾರವ್ವಾ, ಬೈದ್ರ ಬೈಸ್ಕ್ಯಾ. ಕೂಸು ದೊಡ್ಡದು" ಅಂದಳು. ನಾಳೆ ಗಣೇಶನ ಹಬ್ಬ, ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ. ಇಲ್ಲಿಯವರೆಗೆ ಬಾಗಿಲಲ್ಲಿ ಜೋತುಕೊಂಡು ಬಂದೆ. ಕಂಡಕ್ಟರ್ "ದಿಗಂಡಿ, ದಿಗಂಡಿ" ಎಂದು ಎಲ್ಲರನ್ನೂ ಇಳಿಸುತ್ತಿದ್ದರೆ ನನಗೆ ಆ ಇಳಿಯುವ ಮಾತೇ ಕೇಳಲಾಗುತ್ತಿರಲಿಲ್ಲ.

ಪಾವಗಡದ ಮೇಲೆ ಹೋಗುವ ಬಸ್ಸು ಬಂತು. ಇದನ್ನು ಓದಿದ ಮೇಲೆ ಒಂದೇ ಒಂದು ವಿಷಯ ತಿಳಿಸಿ. ಕೈಸನ್ನೆಯಲ್ಲಾದರೂ ಹೇಳಿ. ಆ ನೆಲದ ಕೆಳಗೆ ಏನಿದೆ?

ಉಷಾ


ರಾಯದುರ್ಗ
8 ಸೆಪ್ಟೆಂಬರ್ 2024

ಅತ್ತೆಯವರಿಗೆ,

ಮನೆ ತಲುಪಿದೆ. ತಲುಪಿದ್ದನ್ನು ಹೇಳಲು ಫೋನ್ ಮಾಡಲಿಲ್ಲ.

ನಾನು ಬಂದಾಗ ಮಗು ತೊಟ್ಟಿಲಲ್ಲೇ ಇತ್ತು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿ ಎತ್ತಿಕೊಂಡೆ, ಕ್ಷಮಿಸಿ. ಮಂಜಮ್ಮನನ್ನೂ ಮಗುವನ್ನೂ ಪಕ್ಕದ ಹನುಮಂತರಾಯಪ್ಪನವರ ಮನೆಗೆ ಸೇರಿಸಿದ ಮೇಲೆ ನೀವು ನನ್ನ ಕಾಗದವನ್ನು ಅಂಗಳದಲ್ಲಿ ನಿಂತು ಓದಿದಿರಿ. ಆಮೇಲೆ ನಡೆದದ್ದು ನನಗೆ ಇನ್ನೂ ಅರ್ಥವಾಗಿಲ್ಲ. ನನ್ನ ಮಣಿಕಟ್ಟು ಹಿಡಿದು ನಡುಮನೆಗೆ ಎಳೆದುಕೊಂಡು ಹೋದಿರಿ. ಬಾಗಿಲು ಹಾಕಿದಿರಿ. ನನ್ನ ತಲೆ ಬಗ್ಗಿಸಿ ಕೈಯನ್ನು ನೆಲಕ್ಕೆ ಒತ್ತಿದಿರಿ. ಕಾಲಿಗೆ ಬೀಳಲಿ ಎಂದು ನಿಮ್ಮ ಮನಸ್ಸಿನಲ್ಲಿರಬೇಕು ಎಂದುಕೊಂಡು ಬಿದ್ದೆ. ಮೂರು ವರ್ಷದ ಸಿಟ್ಟು ಅಷ್ಟರಲ್ಲಿ ಇಳಿಯುವುದಾದರೆ ಇಳಿಯಲಿ. ನೀವು ಮಾತ್ರ ತಲೆ ಅಲ್ಲಾಡಿಸಿ, ಮತ್ತೆ ನನ್ನ ಕೈ ಎಳೆದು ಅದೇ ಜಾಗಕ್ಕೆ ಒತ್ತಿದಿರಿ. ಸರಿಯಾಗಿ ಬೀಳಲಿಲ್ಲವೇನೋ ಎಂದು ಇನ್ನೊಮ್ಮೆ ಬಿದ್ದೆ. ನಿಮ್ಮ ಕಣ್ಣಲ್ಲಿ ನೀರು ಬಂತು. ನನಗೂ ಬಂತು. ನಿಮ್ಮದು ಸಿಟ್ಟಿನದೋ ಏನೋ ತಿಳಿಯದೆ, ಆ ರಾತ್ರಿ ಮಂಜಮ್ಮನ ಪಕ್ಕ ಮಲಗಿ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಹಬ್ಬದ ದಿನ ನಿಮ್ಮ ಮನೆಯಲ್ಲಿ ಮೌನ ತುಂಬಿಸಿ ಕೂರುವುದು ಬೇಡ ಅನ್ನಿಸಿತು.

ಕೆಳಗೆ ಏನಿದೆ ಎಂದು ಕೊನೆಗೂ ನೀವು ಹೇಳಲಿಲ್ಲ. ಬೇಡ ಬಿಡಿ. ಆ ಕೋಣೆಗೆ ಮಾತ್ರ ಯಾರೂ ಹೋಗಬೇಡಿ, ಪೂಜಾರಿಯವರೂ. ಈ ಸಲ ನನ್ನ ಮಾತನ್ನು ನಂಬಿ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಉಷಾರಾಣಿ


ಮಡಕಶಿರಾ
12 ಸೆಪ್ಟೆಂಬರ್ 2024, ಗುರುವಾರ

ಚಿ.ಸೌ. ಉಷಾಗೆ,

ಮಂಜಿ, ಮಗು, ನಾನು ಎಲ್ಲರೂ ಹನುಮಂತರಾಯಪ್ಪನ ಮನೆಯಲ್ಲಿ ಚೆನ್ನಾಗಿದ್ದೇವೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಮುಂದಿನದನ್ನು ನೀನು ಗಾಬರಿಯಿಲ್ಲದೆ ಓದಬೇಕು.

ಸೋಮವಾರ ಬೆಳಿಗ್ಗೆ ನೆಲ ಹೋಯಿತು. ಪೂಜಾರಿ ಹಾಲಿನ ಚೊಂಬು ಹಿಡಿದು ಬಂದಿದ್ದರು, ನಾನು ಹೊಸ್ತಿಲಲ್ಲೇ ತಡೆದು ನಿಲ್ಲಿಸಿ ಜಗಳವಾಡುತ್ತಿದ್ದೆ. ಒಳಗೆ ರಾಗಿ ಚೀಲ ಮೇಲಿಂದ ಬಿದ್ದ ಹಾಗೆ ಒಂದು ಸದ್ದು. ಧೂಳು ಇಳಿದ ಮೇಲೆ ನೋಡಿದರೆ ಕಣಜದ ಬದಿಯಲ್ಲಿ ನೆಲವೇ ಇಲ್ಲ. ಬಾಣಂತಿಯ ಮಂಚ ಗುಂಡಿಯೊಳಗೆ ಕಾಲು ಮೇಲೆ ಮಾಡಿ ಬಿದ್ದಿತ್ತು. ತೊಟ್ಟಿಲು ಮಾತ್ರ ತೊಲೆಗೆ ನೇತುಕೊಂಡು ಮೆಲ್ಲಗೆ ತೂಗುತ್ತಿತ್ತು, ಖಾಲಿ ತೊಟ್ಟಿಲು. ಅದರ ಕೆಳಗೆ ಕತ್ತಲೆ. ಪೂಜಾರಿ, "ನಾಗಪ್ಪ ಜಾಗ ಬುಟ್ಟು ಹೋದ ಕಣಕ್ಕ" ಅಂದರು. ಅವರ ಕೈಯ ಚೊಂಬನ್ನು ನಾನೇ ತೆಗೆದು ಕೆಳಗಿಟ್ಟೆ.

ಮಂಜಿ ಆಗಲೇ ನಿನಗೆ ಫೋನ್ ಮಾಡುತ್ತೇನೆ ಎಂದಳು. ಬೇಡ, ನಾನೇ ಬರೆಯುತ್ತೇನೆ ಎಂದೆ. ಬರೆಯಲು ಕೈ ಬರಲು ಮೂರು ದಿನ ಬೇಕಾಯಿತು.

ಅದು ಹಗೇವು ಉಷಾ. ನಾನು ಇಲ್ಲ ಎಂದು ಬರೆದದ್ದು ಸುಳ್ಳು. ಈ ಮನೆಯಲ್ಲಿ ಹಗೇವು ಎಲ್ಲಿದೆ ಎಂದು ಗಂಡುಮಕ್ಕಳಿಗೂ ಹೇಳುವುದಿಲ್ಲ, ಮದುವೆಯಾಗಿ ಹೋಗುವ ಹೆಣ್ಣುಮಕ್ಕಳಿಗೂ ಹೇಳುವುದಿಲ್ಲ. ಯಜಮಾನ, ಅವನ ಹೆಂಡತಿ, ಇಬ್ಬರಿಗೇ ಗೊತ್ತಿರಬೇಕು. ಸೊಸೆ ಈ ಮನೆಯವಳಾದಳು ಎಂದು ಅತ್ತೆಗೆ ಅನ್ನಿಸಿದ ದಿನ ಅವಳ ಕೈ ಹಿಡಿದು ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಅಂಗೈಯನ್ನು ಹಗೇವಿನ ಬಾಯಿಯ ಮೇಲೆ ಒತ್ತಿ ತೋರಿಸಬೇಕು. ಆಗ ಮಾತಾಡಬಾರದು, ಗೋಡೆ ಕೇಳಿಸಿಕೊಳ್ಳುತ್ತದೆ ಎಂದು. ನನ್ನತ್ತೆ ನನಗೆ ಹಾಗೇ ತೋರಿಸಿದ್ದಳು. ಹುಡುಗಿ ನಾನು, ಹೆದರಿ ನಡುಗಿದ್ದೆ. ನಿನ್ನ ಹಾಗೆ ಕಾಲಿಗೆ ಮಾತ್ರ ಬಿದ್ದಿರಲಿಲ್ಲ.

ನಾನು ಒತ್ತಿ ತೋರಿಸುತ್ತೇನೆ, ನೀನು ಕಾಲಿಗೆ ಬೀಳುತ್ತೀಯ. ಮತ್ತೆ ತೋರಿಸುತ್ತೇನೆ, ಮತ್ತೆ ಬೀಳುತ್ತೀಯ. ಇಷ್ಟು ಓದಿದವಳಿಗೆ ಇದು ತಿಳಿಯುವುದಿಲ್ಲವಲ್ಲ ಎಂದು ನನಗೆ ನಗು ಬಂತು, ನಗಲು ಹೋಗಿ ಅಳು ಬಂತು. ಅದು ಸಿಟ್ಟಿನ ನೀರಲ್ಲ.

ಯಜಮಾನರು ಬದುಕಿದ್ದಾಗ, ಹಗೇವಿಗೆ ಮಣ್ಣು ತುಂಬಿಸಿ ಮುಚ್ಚಿದ್ದೇನೆ ಎಂದಿದ್ದರು. ಅದನ್ನು ನಂಬಿ ತೊಟ್ಟಿಲನ್ನು ಅಲ್ಲಿಗೆ ಹಾಕಿದೆ. ಅವರು ಬಾಯಿಗೆ ಚಪ್ಪಡಿ ಎಳೆದು ಮೇಲೆ ಮಣ್ಣು ಬಳಿದಿದ್ದರು, ಅಷ್ಟೇ. ಒಳಗೆ ಖಾಲಿಯೇ ಇತ್ತು. ಹನುಮಂತರಾಯಪ್ಪ ದೀಪ ಕಟ್ಟಿ ಇಳಿಸಿದರೆ ಅರ್ಧಕ್ಕೇ ಆರಿಹೋಯಿತು. ಹಳೆಯ ರಾಗಿಯ ವಾಸನೆ ಬಂತು. ಆ ಹೊತ್ತಿಗೆ ಅವರ ಮೇಲೂ ಸಿಟ್ಟು ಬಂತು, ನನ್ನ ಮೇಲೂ ಬಂತು. ಒಂದು ಮಾತು ನಿನಗೆ ಬರೆದಿದ್ದರೆ ನೀನು ಬೇವಿನ ಬೇರಿನವರೆಗೆ ಹೋಗುತ್ತಿರಲಿಲ್ಲ. ಮಗುವನ್ನು ಅಲ್ಲಿ ಮಲಗಿಸಿದವಳು ನೀನಲ್ಲ, ನಾನು. ಇದನ್ನು ಇನ್ನು ಮೇಲೆ ನಿನ್ನ ಮೇಲೆ ಹಾಕಿಕೊಂಡು ಬರೆಯಬೇಡ.

ಗುಂಡಿಯ ಅಂಚಿನಲ್ಲಿ ನೆಲ ಕಡಿದುಹೋದ ಕಡೆ ಎಲ್ಲ ಪದರವೂ ಕಾಣುತ್ತಿದೆ. ಮೇಲೆ ನಾನು ಬಳಿದ ಕೆಮ್ಮಣ್ಣು. ಅದರ ಕೆಳಗೆ ನನ್ನತ್ತೆಯ ಕಾಲದ್ದು, ಬೂದು ಬಣ್ಣ. ಅದರ ಕೆಳಗೆ ಯಾರದೋ ಬಿಳಿ ಸುದ್ದೆ ಮಣ್ಣು. ಅಡಿಯದು ಚಪ್ಪಡಿಯ ಅಂಚಿನಲ್ಲೇ ಕತ್ತರಿಸಿಹೋಗಿದೆ, ಮೇಲೆ ಬಂದ ಹಾಗೆ ಅಗಲವಾಗಿ ಬಾಗಿಕೊಂಡಿದೆ. ನೀನು ಕಂಬಳಿಯಲ್ಲಿ ಹೇಳಿದ ಹಾಗೆಯೇ ಇದೆ. ದಿನಾ ಹೋಗಿ ಹೊಸ್ತಿಲಲ್ಲಿ ನಿಂತು ನೋಡುತ್ತೇನೆ. ಬಾಗಿದ ಕಲ್ಲು ನೋಡಲು ನೀನು ಅಷ್ಟು ದೂರ ಯಾಕೆ ಹೋಗಿದ್ದೆ ಎನ್ನುವುದು ಸ್ವಲ್ಪ ತಿಳಿಯಿತು. ಪೂರ್ತಿ ತಿಳಿದಿಲ್ಲ, ಅವರನ್ನು ಮಣ್ಣಿಗಿಡುವ ದಿನ ನೀನು ಇರಬೇಕಿತ್ತು. ಆದರೆ ಸ್ವಲ್ಪ ತಿಳಿಯಿತು.

ಒಂದು ಮಾತ್ರ ನನಗೆ ಈಗಲೂ ಬಗೆಹರಿಯುತ್ತಿಲ್ಲ. ದೇವರ ಗೂಡಿನ ಬದಿ ಏಳುವುದನ್ನು ನಾನು ಕಣ್ಣಾರೆ ಕಂಡೆ. ಕಂಡೆ ಎಂದು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದೆ. ಅದು ಅಲುಗಿಯೇ ಇಲ್ಲ ಎನ್ನುತ್ತೀಯ. ಮೂರು ವರ್ಷದಿಂದ ನೀನೇ ನಮ್ಮಿಂದ ದೂರ ಸರಿದೆ ಎಂದುಕೊಂಡಿದ್ದೆ. ಸರಿದವರು ಯಾರೋ, ಇದ್ದಲ್ಲೇ ಇದ್ದವರು ಯಾರೋ.

ಹಗೇವನ್ನು ಈ ಸಲ ನಿಜವಾಗಿ ತುಂಬಿಸಬೇಕು. ಹರೀಶನಿಗೆ ಈಗ ಹೇಳು. ಮಣ್ಣು ಹಾಕುವ ದಿನ ನೀನು ಬಂದು ಎದುರಿಗೆ ನಿಲ್ಲಬೇಕು, ಮನೆಯ ಸೊಸೆ ಇಲ್ಲದೆ ಹಗೇವು ಮುಚ್ಚಬಾರದು.

ಆಣೆಯ ವಿಷಯ. ದೀಪದ ಮುಂದೆ ಇಟ್ಟದ್ದನ್ನು ನಾನು ಮುರಿಯಲಾರೆ, ನಾನು ಅಂಥವಳಲ್ಲ. ಆವತ್ತು ನಿನ್ನ ಫೋನ್ ಬೆಳಿಗ್ಗೆಯಿಂದ ಬಡಿದುಕೊಳ್ಳುತ್ತಿದ್ದಾಗ ಅದನ್ನು ಮಡಿಲಲ್ಲಿಟ್ಟುಕೊಂಡು ನಿನ್ನ ಹೆಸರು ನೋಡುತ್ತಾ ಕೂತಿದ್ದೆ. ಆ ಪಾಪ ನನ್ನದು. ಇದನ್ನು ಪೂಜಾರಿಯನ್ನು ಕೇಳಲಿಲ್ಲ, ನಾನೇ ತೀರ್ಮಾನ ಮಾಡಿದ್ದೇನೆ. ಆಣೆ ನನ್ನ ಬಾಯಿಗೆ ಇರುವುದು, ಕಿವಿಗಲ್ಲ. ಭಾನುವಾರ ಫೋನ್ ಮಾಡು, ಎತ್ತುತ್ತೇನೆ. ನಾನು ಏನೂ ಹೇಳುವುದಿಲ್ಲ. ಆ ಕಡೆಯಿಂದ ಸದ್ದಿಲ್ಲ ಎಂದು ನೀನು ಇಟ್ಟುಬಿಡಬೇಡ. ಮಾತಾಡುತ್ತಿರು, ನಾನು ಇರುತ್ತೇನೆ.

ರಂಗಕ್ಕ